ಮೂಲೆಗೆ ಕೆಂಪು ಬಿದ್ದ ಕಾರ್ಡು

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಓಂಕಾರೇಶನ ಪ್ರೆಸ್ಸು. ಪ್ರೆಸ್ಸು ಅಂತ ಬೋರ್ಡಿನಲ್ಲಿ ಇದೆಯೇ ಹೊರತು ಅಚ್ಚಿನ ಯಂತ್ರ ಮಾರಿ ಎಷ್ಟೋ ವರ್ಷವಾಗಿತ್ತು. ಉಳಿದಿದ್ದು ಅವನ ಅಪ್ಪನ ಕಾಲದ ಒಂದು ಕಟಿಂಗ್ ಮಿಷನ್ನು, ಪುಸ್ತಕ ಬಿಗಿಯುವ ತಿರುಪಿನ ಹಲಗೆ, ಮದುವೆ ಕಾಗದದ ಮಾದರಿಗಳ ಹಳೇ ಆಲ್ಬಮ್ಮುಗಳು, ಆಮೇಲೆ ನಿಶ್ಶಬ್ದ. ಈ ಕೊನೆಯದರ ಮೇಲೆ ಓಂಕಾರೇಶನಿಗೆ ವಿಪರೀತ ಪ್ರೀತಿ. ನಲವತ್ತು ದಾಟಿದ ಗಂಡಸು, ಹುಟ್ಟಿನಿಂದಲೇ ಮಾತು ಕಡಿಮೆ. ಬೇಕು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ಅವನದು ಒಂದೇ ಉತ್ತರ, "ನೋಡಣ". ಯಾವ 'ನೋಡಣ' ಬೇಕು, ಯಾವುದು ಬೇಡ ಎಂದು ಹೆಂಡತಿ ಅಶ್ವಿನಿ ದನಿಯಿಂದಲೇ ಕಂಡುಹಿಡಿಯಬೇಕಿತ್ತು. ಹದಿನೈದು ವರ್ಷ ಸಂಸಾರ ಮಾಡಿಯೂ ಅವಳಿಗೆ ಅದು ಪೂರ್ತಿ ಕೈಹತ್ತಿರಲಿಲ್ಲ.

ಆ ಅಂಗಡಿಗೆ ಒಂದು ಮಧ್ಯಾಹ್ನ ಕಡೂರಿನಿಂದ ಶರ್ಮಿಳಾ ಬಂದಳು. ಕಡೂರಿನಲ್ಲಿ ಅವಳದು ಬ್ಯೂಟಿ ಪಾರ್ಲರು. ಹುಬ್ಬು ತೀಡಿಸಿಕೊಳ್ಳಲು ಬಂದ ಹೆಂಗಸರು ಕಣ್ಣು ಮುಚ್ಚಿಕೊಂಡ ಕೂಡಲೇ ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುವುದನ್ನು ಕೇಳಿ ಕೇಳಿ, ಇದಕ್ಕೂ ಒಂದು ವ್ಯವಸ್ಥೆ ಇರಲಿ ಎಂದು ಅವಳು ಆನ್‌ಲೈನಿನಲ್ಲಿ ಟ್ಯಾರೋ ಕಲಿತಿದ್ದಳು. ಚಿತ್ರದ ಎಪ್ಪತ್ತೆಂಟು ಕಾರ್ಡುಗಳನ್ನು ಬೋರಲು ಹರಡಿ, ಬಂದವರ ಕೈಯಿಂದಲೇ ಒಂದನ್ನು ಎಳೆಸಿ, ಬಂದ ಚಿತ್ರ ನೋಡಿ ಮುಂದಿನದು ಹೇಳುವ ವಿದ್ಯೆ ಅದು. ಗಿಣಿಶಾಸ್ತ್ರದಲ್ಲಿ ಗಿಣಿಯೊಂದನ್ನು ಬಿಟ್ಟರೆ ಏನು ಉಳಿಯುತ್ತದೋ ಅದು ಎಂದು ಓಂಕಾರೇಶ ಅರ್ಥ ಮಾಡಿಕೊಂಡ.

ಶರ್ಮಿಳಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಹೆಂಗಸು ಇಂಥವೇ ಕಾರ್ಡುಗಳ ಸುತ್ತಲಿನ ಬಿಳಿ ಪಟ್ಟಿಯನ್ನು ಕತ್ತರಿಸಿ ತೆಗೆದು, ಅಂಚುಗಳಿಗೆ ಬಣ್ಣ ಹಚ್ಚುತ್ತಿದ್ದಳು.

"ಹಿಂಗೆ ಮಾಡ್ಕೊಡಿ ಅಣ್ಣಾ. ಈ ಬಿಳೀದೆಲ್ಲ ಹೋಗ್ಬೇಕು, ಚಿತ್ರ ಮಾತ್ರ ಉಳೀಬೇಕು. ಆಮೇಲೆ ಅಂಚಿಗೆ ಕೆಂಪು."

ಅಂಚಿಗೆ ಕೆಂಪು ಹಚ್ಚುವುದು ಓಂಕಾರೇಶನಿಗೆ ಹೊಸದೇನಲ್ಲ. ಅಜ್ಜಂಪುರದ ಈರುಳ್ಳಿ ಮಂಡಿಯವರಿಗೆ, ಬೀರೂರಿನ ಕೊಬ್ಬರಿ ವ್ಯಾಪಾರದವರಿಗೆ ಅವನ ಅಪ್ಪ ಕಟ್ಟಿಕೊಡುತ್ತಿದ್ದ ಲೆಕ್ಕದ ಪುಸ್ತಕಗಳಿಗೆಲ್ಲ ಕೆಂಪು ಅಂಚೇ. ಆ ಪುಸ್ತಕಗಳು ಕಂಪ್ಯೂಟರಿನೊಳಗೆ ಹೋದ ಮೇಲೆ ಶಾಯಿ ಹಾಗೇ ಉಳಿದಿತ್ತು. ಅವನು ಕಾರ್ಡುಗಳನ್ನು ಸ್ವಲ್ಪ ಸ್ವಲ್ಪವಾಗಿ ಜೋಡಿಸಿ ಮಿಷನ್ನಿಗೆ ಕೊಟ್ಟ. ಬಿಳಿ ಪಟ್ಟಿಗಳು ಸುರುಳಿ ಸುರುಳಿಯಾಗಿ ಬುಟ್ಟಿಗೆ ಬಿದ್ದವು. ಚೂಪಾದ ಮೂಲೆಗಳನ್ನು ದುಂಡಗೆ ಮಾಡಿದ. ಇಡೀ ಕಟ್ಟನ್ನು ಹಲಗೆಗಳ ನಡುವೆ ಬಿಗಿದು, ಸ್ಪಂಜಿಗೆ ಶಾಯಿ ಮುಟ್ಟಿಸಿ, ಹಿಂಡಿ, ಅರೆಒಣಗಿದ ಮೇಲೆ ತಟ್ಟುತ್ತಾ ಬಂದ. ಶಾಯಿ ಹೆಚ್ಚಾದರೆ ಒಳಕ್ಕೆ ಇಳಿದು ಚಿತ್ರ ಕೆಡುತ್ತದೆ, ಅಷ್ಟೇ ಎಚ್ಚರ. ಕೆಲಸ ಮುಗಿದಾಗ ಕಾರ್ಡಿನ ಕಟ್ಟು ಮೈಸೂರು ಸ್ಯಾಂಡಲ್ ಸೋಪಿನ ಹಾಗೆ ನುಣ್ಣಗೆ ಕಾಣುತ್ತಿತ್ತು. ಓಂಕಾರೇಶನಿಗೇ ಅದನ್ನು ಕೊಡಲು ಮನಸ್ಸಾಗಲಿಲ್ಲ.

ಶರ್ಮಿಳಾ ಒಂದೊಂದೇ ತಿರುವಿ ನೋಡಿದಳು. ನಾಲ್ಕನೆಯದಕ್ಕೆ ಅವಳ ಮುಖ ಬಣ್ಣಗೆಟ್ಟಿತು.

"ಹೆಸರು ಎಲ್ಲಿ ಅಣ್ಣಾ?"

"ಯಾವ ಹೆಸರು?"

"ಕಾರ್ಡಿನ ಹೆಸರು. ಕೆಳಗಡೆ ಬಿಳೀದ್ರಲ್ಲಿ ಇಂಗ್ಲಿಷಲ್ಲಿ ಬರೆದಿತ್ತಲ್ಲ."

ಓಂಕಾರೇಶ ಬುಟ್ಟಿಯ ಕಡೆ ನೋಡಿದ. ಶರ್ಮಿಳಾಳೂ ನೋಡಿದಳು. ಅವಳು ಕಲಿತದ್ದೆಲ್ಲ ಹೆಸರಿನ ಲೆಕ್ಕದಲ್ಲಿ. ಇಂಥ ಹೆಸರು ಬಂದರೆ ಇಂಥ ಫಲ ಎಂದು ಬಾಯಿಪಾಠ. ಹೆಸರು ಹೋದರೆ ಎದುರಿಗಿದ್ದದ್ದು ಬರೀ ಚಿತ್ರ. ಆ ಸಂಜೆಯೇ ಇಬ್ಬರು ಬರುವವರಿದ್ದರು. "ನೀವೇ ಹೇಳಿದ್ರಲ್ಲ, ಬಿಳೀದೆಲ್ಲ ಹೋಗ್ಲಿ ಅಂತ" ಎಂದು ಓಂಕಾರೇಶ ಮೆಲ್ಲಗೆ ಅಂದ. ಅದು ನಿಜವಾಗಿದ್ದರಿಂದ ಅವಳಿಗೆ ಬೈಯಲೂ ಆಗಲಿಲ್ಲ.

ಅವಳು ಇನ್ನೆಂದೂ ಈ ಕಡೆ ತಲೆಹಾಕುವುದಿಲ್ಲ ಎಂದುಕೊಂಡಿದ್ದ. ಮೂರನೆಯ ದಿನ ಫೋನು ಬಂತು. ಆ ಸಂಜೆ ಬೇರೆ ದಾರಿಯಿಲ್ಲದೆ ಅವಳು ಚಿತ್ರ ನೋಡಿ ತೋಚಿದ್ದು ಹೇಳಿದ್ದಳು. ಮೂವರು ಹೆಂಗಸರು ಲೋಟ ಎತ್ತಿ ಕುಣಿಯುವ ಚಿತ್ರ ಬಂದವಳಿಗೆ, "ನಿಮ್ಮನೇಲಿ ಮೂರು ಜನ ಹೆಂಗಸ್ರು ಒಂದಾಗಿದಾರೆ, ನಿಮ್ಮನ್ನ ಹೊರಗಿಟ್ಟಿದಾರೆ" ಅಂದಿದ್ದಳು. ಆಕೆ ಓರಗಿತ್ತಿಯರ ಹೆಸರನ್ನು ತಾನೇ ಹೇಳಿ ಕಣ್ಣೊರೆಸಿಕೊಂಡಿದ್ದಳು. ಮುಂಚೆ ಇಂಗ್ಲಿಷ್ ಹೆಸರು ಕೇಳಿ ಹೆದರುತ್ತಿದ್ದವರು ಈಗ ತಾವೂ ಬಗ್ಗಿ ಚಿತ್ರ ನೋಡಿ, "ಹೌದಲ್ವಾ" ಅನ್ನತೊಡಗಿದ್ದರು. ಕಡೂರಿನಲ್ಲಿ ಶರ್ಮಿಳಾಳ ಹೆಸರು ಹಬ್ಬಿತು. ಹಬ್ಬಿದ ಮೇಲೆ ಬೀರೂರಿನಿಂದ, ಅರಸೀಕೆರೆಯಿಂದ, ಶಿವಮೊಗ್ಗದಿಂದ ಇದೇ ಕಸುಬಿನವರು ಓಂಕಾರೇಶನಿಗೆ ಕಾರ್ಡು ಕಳಿಸಹತ್ತಿದರು. ಎಲ್ಲರದೂ ಒಂದೇ ಕೋರಿಕೆ, ಹೆಸರು ತೆಗೆದುಬಿಡಿ. ತನ್ನ ತಪ್ಪು ಒಂದು ಶೈಲಿಯಾದದ್ದನ್ನು ನೋಡಿ ಓಂಕಾರೇಶ ಇನ್ನೊಂದು ಬಾಟಲಿ ಕೆಂಪು ಶಾಯಿ ತರಿಸಿದ.

ಇಷ್ಟಕ್ಕೇ ನಿಂತಿದ್ದರೆ ಅವನಷ್ಟು ಸುಖಿ ತರೀಕೆರೆಯಲ್ಲಿ ಇನ್ನೊಬ್ಬನಿರುತ್ತಿರಲಿಲ್ಲ. ಆದರೆ ಅಶ್ವಿನಿಗೆ ಧರ್ಮೇಶ ಎಂಬ ತಮ್ಮನಿದ್ದ.

ಧರ್ಮೇಶ ಅಜ್ಜಂಪುರದಲ್ಲಿ ಅಪ್ಪ ಜಯದೇವಪ್ಪನವರ ಜೊತೆ ಇದ್ದ. ಕೆಟ್ಟ ಹುಡುಗನಲ್ಲ. ಕುಡಿತವಿಲ್ಲ, ಜಗಳವಿಲ್ಲ. ಇದ್ದದ್ದು ಮಾತು. ಮೊಬೈಲ್ ರಿಪೇರಿ ಅಂಗಡಿ ಇಟ್ಟ, ಬಂದವರ ಜೊತೆ ಮಾತಾಡುತ್ತಾ ಕೂತು ರಿಪೇರಿ ಮರೆತ. ಪಶು ಆಹಾರದ ಏಜೆನ್ಸಿ ತೆಗೆದುಕೊಂಡು ಎಮ್ಮೆದೊಡ್ಡಿಗೆ ಹೋದ, ಹುಲ್ಲುಗಾವಲಿನಲ್ಲಿ ಪುಕ್ಕಟೆ ಮೇಯುವ ದನಗಳ ಊರಿನಲ್ಲಿ ಮೂಟೆ ಮಾರುತ್ತೇನೆಂದು. ಈಗ ಮೂವತ್ತು ಹತ್ತಿರವಾಗಿತ್ತು, ಕೆಲಸವಿಲ್ಲದವನಿಗೆ ಹೆಣ್ಣು ಕೊಡುವವರಿರಲಿಲ್ಲ. ಜಯದೇವಪ್ಪನವರು ಮಗಳಿಗೆ ದಿನಾ ಫೋನು ಮಾಡುತ್ತಿದ್ದರು.

"ರೀ, ಧರ್ಮೇಶನ್ನ ಅಂಗಡೀಲಿ ಜೊತೆಗಿಟ್ಕೊಂಡ್ರೆ ಹೆಂಗೆ?" ಎಂದು ಅಶ್ವಿನಿ ಕೇಳಿದಳು.

"ನೋಡಣ" ಅಂದ ಓಂಕಾರೇಶ.

ಈ 'ನೋಡಣ'ದಲ್ಲಿ ಇದ್ದದ್ದು ಬೇಡವೇ. ಬರೀ ಬೇಡವಲ್ಲ, ಜನ್ಮದಲ್ಲಿ ಬೇಡ. ಧರ್ಮೇಶ ಹಬ್ಬಕ್ಕೆ ಬಂದು ಎರಡು ದಿನ ಉಳಿದರೇ ಅವನಿಗೆ ಕಿವಿಯಲ್ಲಿ ಜೀರುಂಡೆ ಕೂತ ಹಾಗಾಗುತ್ತಿತ್ತು. ಅಂಥವನು ಬೆಳಗಿನಿಂದ ಸಂಜೆಯವರೆಗೆ ಆ ಸಣ್ಣ ಅಂಗಡಿಯಲ್ಲಿ, ಅದೂ ಕಟಿಂಗ್ ಮಿಷನ್ನಿನ ಪಕ್ಕದಲ್ಲಿ. ಆದರೆ ಹೆಂಡತಿಯ ತವರಿನ ವಿಷಯಕ್ಕೆ ಬೇಡ ಅನ್ನುವುದು ಹೇಗೆ? ಅಶ್ವಿನಿ ಮತ್ತೆ ಕೇಳಿದಳು, ಮತ್ತೆ 'ನೋಡಣ' ಬಂತು. ಹೀಗೇ ಒಂದು ತಿಂಗಳು ಕಳೆಯಿತು.

ಕೊನೆಗೆ ಅವಳು ಅಂದಳು, "ಸರಿ, ಶರ್ಮಿಳಾ ಹತ್ರ ಹೋಗಣ. ನೀವೇ ಕಾರ್ಡ್ ಎಳೀರಿ, ಅಂಗಡಿ ನಿಮ್ದು. ಅದ್ರಲ್ಲಿ ಏನ್ ಬರುತ್ತೋ ಅದೇ ತೀರ್ಮಾನ. ಆಯ್ತಾ?"

ಓಂಕಾರೇಶನಿಗೆ ಇದು ದೇವರು ಕೊಟ್ಟ ದಾರಿಯಾಗಿ ಕಂಡಿತು. ಏಕೆಂದರೆ ಶರ್ಮಿಳಾಳ ಕಾರ್ಡಿನ ಕಟ್ಟು ಆಗ ಅವನ ಮೇಜಿನ ಮೇಲೇ ಇತ್ತು. ಎಷ್ಟೋ ಕೈ ಮುಟ್ಟಿ ಅಂಚಿನ ಬಣ್ಣ ಮಾಸಿತ್ತು, ಮತ್ತೊಮ್ಮೆ ಹಚ್ಚಿಕೊಡಿ ಎಂದು ಅವಳು ಹಿಂದಿನ ದಿನ ಬಸ್ ಕಂಡಕ್ಟರ್ ಕೈಲಿ ಕಳಿಸಿದ್ದಳು.

ಅವನು ಅಂಗಡಿಯ ಅರ್ಧ ಬಾಗಿಲು ಎಳೆದು ಎಲ್ಲ ಕಾರ್ಡುಗಳನ್ನೂ ಹರಡಿಕೊಂಡ. ಎಲ್ಲಕ್ಕಿಂತ ಕೆಟ್ಟದ್ದು ಬೇಕಿತ್ತು. ಸಿಡಿಲು ಬಡಿದು ಉರುಳುವ ಗೋಪುರ ಇತ್ತು. ಆದರೆ ಅದನ್ನು 'ಹಳೇದು ಬಿದ್ದು ಹೊಸದು ಕಟ್ಟೋದು' ಎಂದು ತಿರುಗಿಸಿಬಿಡಬಹುದು. ಕುದುರೆಯ ಮೇಲೆ ಕೂತ ಅಸ್ಥಿಪಂಜರ ಇತ್ತು. ಕುದುರೆ ಬೆಳ್ಳಗಿತ್ತು, ನಂಬಿಕೆ ಸಾಲದು. ಕಡೆಗೆ ಒಂದು ಸಿಕ್ಕಿತು. ಕಪ್ಪು ಆಕಾಶದ ಕೆಳಗೆ ಒಬ್ಬ ಮನುಷ್ಯ ಬೋರಲು ಬಿದ್ದಿದ್ದಾನೆ, ಅವನ ಬೆನ್ನಿಗೆ ಹತ್ತು ಕತ್ತಿ ನೆಟ್ಟಿವೆ. ಇದನ್ನು ಯಾರು ಏನು ತಿರುಗಿಸಿದರೂ ತಿರುಗುವ ಹಾಗಿರಲಿಲ್ಲ. ಆದರೂ ಫೋನಿನಲ್ಲಿ ಹುಡುಕಿ ನೋಡಿದ. ಸರ್ವನಾಶ, ನಂಬಿದವರಿಂದ ಬೆನ್ನಿಗೆ ಇರಿತ, ವ್ಯವಹಾರ ಅಲ್ಲಿಗೆ ಮುಗಿಯಿತು ಎಂದಿತ್ತು. ಓಂಕಾರೇಶನಿಗೆ ನೆಮ್ಮದಿಯಾಯಿತು.

ಎಲ್ಲಕ್ಕೂ ಬಣ್ಣ ಹಚ್ಚಿ ಒಣಗಿದ ಮೇಲೆ, ಆ ಒಂದು ಕಾರ್ಡಿನ ಬೆನ್ನಿನ ಮೂಲೆಗೆ ಸಾಸಿವೆ ಕಾಳಿನಷ್ಟು ಕೆಂಪು ಮುಟ್ಟಿಸಿದ. ನೋಡಿದವರಿಗೆ ಶಾಯಿ ಸ್ವಲ್ಪ ಇಳಿದಿದೆ ಅನ್ನಿಸಬೇಕು, ಅಷ್ಟು. ಅಪ್ಪನ ಕಾಲದಿಂದ ಆ ಅಂಗಡಿಯಿಂದ ಕಲೆ ಬಿದ್ದ ಒಂದು ಕೆಲಸವೂ ಹೊರಗೆ ಹೋಗಿರಲಿಲ್ಲ. ಒರೆಸಿಬಿಡಲು ಬಟ್ಟೆ ಎತ್ತಿಕೊಂಡ. ಧರ್ಮೇಶನ ಧ್ವನಿ ನೆನೆದುಕೊಂಡ, ಬಟ್ಟೆ ಕೆಳಗಿಟ್ಟ.

ಶರ್ಮಿಳಾ ಹತ್ತಿರ ಸರದಿ ಸಿಕ್ಕಿದ್ದು ಎರಡು ವಾರದ ಮೇಲೆ, ಅಷ್ಟು ಜನ. ಗಂಡ ಹೆಂಡತಿ ರೈಲಿನಲ್ಲಿ ಹೋಗಿ ಕಡೂರಿನಲ್ಲಿ ಇಳಿದು ಪಾರ್ಲರಿನ ಬೆಂಚಿನ ಮೇಲೆ ಕೂತರು. ಒಳಗಿನಿಂದ ಕಾಂತಮ್ಮ ಎಂಬ ಹಿರಿಯ ಹೆಂಗಸು ನಗುಮುಖದಲ್ಲಿ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಮ್ಮ ತಂಗೀಗೆ ಬಂದಿದ್ದೇ ನನಗೂ ಬಂತು ಕಣಮ್ಮ, ಒಳ್ಳೇದೇ ಆಯ್ತು" ಎಂದು ಅಶ್ವಿನಿಗೆ ಹೇಳಿ ಹೋದಳು. ಓಂಕಾರೇಶ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಳಗೆ ಶರ್ಮಿಳಾ ನೇರಳೆ ಬಟ್ಟೆಯ ಮೇಲೆ ಕಾರ್ಡುಗಳನ್ನು ಬೀಸಣಿಗೆಯ ಹಾಗೆ ಹರಡಿದಳು. "ಮನಸ್ಸಲ್ಲಿ ಕೇಳ್ಕೊಂಡು ಒಂದು ಎಳೀರಿ ಅಣ್ಣಾ." ಕೆಂಪು ಚುಕ್ಕೆ ಕೂಡಲೇ ಕಂಡಿತು. ಕೂಡಲೇ ಎಳೆದರೆ ಚೆನ್ನಾಗಿರುವುದಿಲ್ಲವೆಂದು ಓಂಕಾರೇಶ ಕಣ್ಣು ಮುಚ್ಚಿದ, ಕೈಯನ್ನು ಆ ತುದಿಗೆ ಒಯ್ದ, ಈ ತುದಿಗೆ ತಂದ, ಯೋಚಿಸುವವನ ಹಾಗೆ ತಡೆದ. ಆಮೇಲೆ ಎಳೆದ.

ಶರ್ಮಿಳಾ ತಿರುವಿ ಹಾಕಿದಳು. ಅಶ್ವಿನಿ "ಅಯ್ಯೋ" ಅಂದಳು. ಹತ್ತು ಕತ್ತಿಗಳೂ ಸರಿಯಾಗಿ ನೆಟ್ಟಿದ್ದವು. ಆದರೆ ಶರ್ಮಿಳಾಳ ಮುಖ ಮಾತ್ರ, ಹಳೇ ಪರಿಚಯದವರನ್ನು ಕಂಡ ಹಾಗೆ ಅರಳಿತು.

"ಹೆದರ್ಬೇಡಿ ಅಕ್ಕ. ಎಲ್ರೂ ಇವನು ಸತ್ತಿದಾನೆ ಅಂದ್ಕೋತಾರೆ. ಸತ್ತಿಲ್ಲ, ದಣಿದು ಮಲಗಿದಾನೆ. ಹತ್ತು ಕೆಲ್ಸ ಒಬ್ನೇ ಬೆನ್ನ ಮೇಲೆ ಹಾಕ್ಕೊಂಡಿದಾನೆ, ಅವೇ ಈ ಕತ್ತಿ. ಹಿಂದ್ಗಡೆ ನೋಡಿ, ಬೆಳಕು ಹರೀತಿದೆ. ಹತ್ತಿರದವ್ರು ಯಾರೋ ಒಬ್ರು ಬಂದು ಒಂದೊಂದೇ ಕತ್ತಿ ತೆಗೆದ್ರೆ ಎದ್ದು ಕೂತ್ಕೋತಾನೆ. ಬಂದೋರ್ನ ಬೇಡ ಅನ್ಬಾರ್ದು, ಅಷ್ಟೇ."

ಓಂಕಾರೇಶ ಬಗ್ಗಿ ನೋಡಿದ. ಬೆಳಕು ಹರಿಯುತ್ತಿದ್ದದ್ದು ನಿಜ. ಕಪ್ಪು ಆಕಾಶದ ಬುಡದಲ್ಲಿ ಒಂದು ಹಳದಿ ಗೆರೆ. ಅಂಗಡಿಯಲ್ಲಿ ಕತ್ತಿ ನೋಡುವ ಭರದಲ್ಲಿ ಅವನು ಅದನ್ನು ಗಮನಿಸಿರಲಿಲ್ಲ.

"ಇದು ಕೆಟ್ಟ ಕಾರ್ಡಲ್ವಾ?" ಅಂದ.

"ಯಾರು ಹೇಳಿದ್ದು?"

ಯಾರು ಹೇಳಿದ್ದೆಂದು ಹೇಳುವ ಹಾಗಿರಲಿಲ್ಲ. "ಅಲ್ಲ, ನೋಡೋಕೆ ಹಂಗಿದೆ" ಅಂದ. ಅಷ್ಟರಲ್ಲಿ ಅಶ್ವಿನಿಯ ಕಣ್ಣಲ್ಲಿ ನೀರು ಬಂದಿತ್ತು. "ನೀವು ಇಷ್ಟು ದಣಿದಿದೀರ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣ್ರೀ" ಎಂದು ಅವನ ತೋಳು ಹಿಡಿದುಕೊಂಡಳು. ಹದಿನೈದು ವರ್ಷದಲ್ಲಿ ಅವಳು ಹಾಗೆ ಹಿಡಿದುಕೊಂಡದ್ದು ಕಡಿಮೆ. ಆ ಕೈಯ ಕೆಳಗೆ ಅವನಿಗೆ ಬೇಡ ಅನ್ನಲು ಇನ್ನಷ್ಟು ಕಷ್ಟವಾಯಿತು.

ಸುದ್ದಿ ಅಜ್ಜಂಪುರಕ್ಕೆ ಹೋಯಿತು. ಜಯದೇವಪ್ಪನವರು ಮಠದ ಭಕ್ತರು, ಬೆಳಿಗ್ಗೆ ಸಂಜೆ ಲಿಂಗಪೂಜೆ ತಪ್ಪಿಸಿದವರಲ್ಲ. ಅಳಿಯ ಇಸ್ಪೀಟು ಕತ್ತರಿಸುವ ಕೆಲಸ ಹಿಡಿದಿದ್ದಾನೆ ಎಂದು ಆರು ತಿಂಗಳಿಂದ ಮುಖ ಊದಿಸಿಕೊಂಡಿದ್ದವರು. ಕಾರ್ಡಿನಲ್ಲಿ ಹೀಗೆ ಬಂತಂತೆ ಎಂದು ಮಗಳು ಹೇಳಿದಾಗ ಅವರು, "ಯಾರ ಬಾಯಲ್ಲಿ ಬಂದ್ರೇನಮ್ಮ, ಒಳ್ಳೇ ಮಾತು" ಅಂದರು.

ಧರ್ಮೇಶ ಸೋಮವಾರವೇ ಬಂದ, ತನ್ನದೇ ಒಂದು ಪ್ಲಾಸ್ಟಿಕ್ ಕುರ್ಚಿ ಸಮೇತ. "ಭಾವ, ನೀವು ಆರಾಮಾಗಿರಿ, ನಾನಿದೀನಿ" ಅಂದ. ಆಮೇಲೆ ಇದ್ದ. ಕಾಗದದ ರೇಟು, ಬೀರೂರು ಜಂಕ್ಷನ್ನಿನ ಹೊಸ ಪ್ಲಾಟ್‌ಫಾರ್ಮು, ಬುಕ್ಕಾಂಬುಧಿ ಕೆರೆ ಕೋಡಿ ಬಿದ್ದದ್ದು, ಯಾರದೋ ಮದುವೆಯಲ್ಲಿ ಪಾಯಸ ಸೀದದ್ದು, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಬರುತ್ತಿದ್ದವು. ಉತ್ತರ ಬೇಕು ಎಂದೂ ಅವನು ಕೇಳುತ್ತಿರಲಿಲ್ಲ. ಓಂಕಾರೇಶ ಮಿಷನ್ನಿನ ಸದ್ದಿನ ಆಸರೆಗಾಗಿ ಕತ್ತರಿಸಬೇಕಾಗಿಲ್ಲದ ಕಾಗದವನ್ನೂ ಕತ್ತರಿಸತೊಡಗಿದ.

ಹತ್ತು ಹನ್ನೆರಡು ದಿನ ಕಳೆದಿರಬೇಕು, ಶರ್ಮಿಳಾ ಅಂಗಡಿಗೆ ಬಂದಳು. ಚೀಲದಿಂದ ಒಂದೇ ಒಂದು ಕಾರ್ಡು ತೆಗೆದು ಬೋರಲು ಇಟ್ಟಳು.

"ನಿಮ್ಮ ಕೈಯಿಂದ ಇಂಥ ಕೆಲ್ಸ ಬರುತ್ತೆ ಅಂದ್ಕೊಂಡಿರ್ಲಿಲ್ಲ ಅಣ್ಣಾ. ಇದೇನಿದು ಮೂಲೇಲಿ?"

ಓಂಕಾರೇಶ ಶಾಯಿ ಡಬ್ಬಿಯ ಮುಚ್ಚಳ ಬಿಗಿ ಮಾಡಿದ.

"ಜನ ಇದನ್ನ ಕುಂಕುಮ ಅಂದ್ಕೊಂಡ್ಬಿಟ್ಟಿದಾರೆ. ಹತ್ತು ಜನ ಬಂದ್ರೆ ಎಂಟು ಜನ ಇದನ್ನೇ ಎಳೀತಾರೆ, ಕಣ್ಣಿಗೊತ್ಕೊಂಡು ಬೇರೆ. ಎಳೆದ್ರೆ ಒಳಗಿರೋನು ಇವನು. ಮೊದಲ್ನೇ ದಿನ ಇದ್ದಿದ್ದು ಇದ್ದಂಗೆ ಹೇಳ್ದೆ, ಒಬ್ರು ಅಲ್ಲೇ ತಲೆ ಸುತ್ತಿ ಕೂತ್ರು. ಮಾರ್ನೇ ದಿನ ಇನ್ನಿಬ್ರು ಅತ್ರು. ಹಿಂಗಾದ್ರೆ ನನ್ನ ಬಾಗ್ಲಿಗೆ ಯಾರು ಬರ್ತಾರೆ? ಅದಕ್ಕೇ ಏನೋ ಒಂದು ಮಾಡಿ ಸತ್ತೋನನ್ನ ಮಲಗಿಸ್ದೆ. ಈಗ ಅರ್ಧ ಕಡೂರಿಗೆ ಅದೇ ಭವಿಷ್ಯ ಹೇಳಿದೀನಿ. ಎಲ್ಲರ ಮನೆಗೂ ಹತ್ತಿರದವ್ರು ಬರ್ತಿದಾರೆ."

ಓಂಕಾರೇಶನಿಗೆ ಈಗ ಎಲ್ಲ ಬಿಡಿಬಿಡಿಯಾಗಿ ಅರ್ಥವಾಯಿತು. ತಾನು ತನ್ನೊಬ್ಬನಿಗೆಂದು ಇಟ್ಟ ಚುಕ್ಕೆಗೆ ಇಡೀ ಊರೇ ಕೈಹಾಕಿತ್ತು. ಈಗ ಉಳಿದದ್ದು ಎರಡೇ. ಮೋಸ ಮಾಡಿದೆ ಅನ್ನಬೇಕು, ಇಲ್ಲ ಕೆಲಸ ಬಾರದವನು ಅನ್ನಿಸಿಕೊಳ್ಳಬೇಕು. ಅಪ್ಪ ನಿಂತು ಕೆಲಸ ಮಾಡಿದ್ದ ಜಾಗದಲ್ಲೇ ನಿಂತು ಅವನು, "ಕೈತಪ್ಪಿ ಬಿತ್ತು" ಅಂದ. ಧರ್ಮೇಶನ ಮಾತಿಗಿಂತ ಆ ಎರಡು ಪದ ಅವನನ್ನು ಹೆಚ್ಚು ನೋಯಿಸಿತು. "ಕೊಡಿ, ಕೆರೆದು ತೆಗೀತೀನಿ."

"ತೆಗೀಬೇಡಿ ಭಾವ" ಅಂದ ಧರ್ಮೇಶ ಕುರ್ಚಿಯಿಂದ. ಅವನು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. "ಒಂದಕ್ಕಿದ್ರೆ ತಪ್ಪು ಮೇಡಂ, ಎಲ್ಲದಕ್ಕೂ ಇದ್ರೆ ಡಿಸೈನು. ಎಪ್ಪತ್ತೆಂಟಕ್ಕೂ ಇಟ್ಬಿಟ್ರೆ ಯಾವುದ್ನ ಬೇಕಾದ್ರೂ ಎಳೀಲಿ. ಜನಕ್ಕೂ ಸಮಾಧಾನ, ನಿಮಗೂ ಒಂದೇ ಮಾತು ಹೇಳಿ ಬೇಜಾರಾಗಲ್ಲ."

ಶರ್ಮಿಳಾ ಯೋಚಿಸಿದಳು. ಆಮೇಲೆ ಉಳಿದ ಕಾರ್ಡುಗಳನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಆ ಮಧ್ಯಾಹ್ನವೆಲ್ಲ ಓಂಕಾರೇಶ ಒಂದೊಂದು ಕಾರ್ಡಿನ ಮೂಲೆಗೂ ಸಾಸಿವೆ ಕಾಳಿನಷ್ಟು ಕಲೆ ಮಾಡುತ್ತಾ ಕೂತ, ಎಲ್ಲವೂ ಒಂದೇ ಅಳತೆಗೆ ಬರುವ ಹಾಗೆ, ಬಹಳ ನಿಗಾ ಇಟ್ಟು.

ಅದು ನಡೆಯಿತು. ಬೇರೆ ಊರಿನವರೂ ಅದನ್ನೇ ಕೇಳಿದರು. ಧರ್ಮೇಶ ಬೆಳಿಗ್ಗೆ ರೈಲು ಹಿಡಿದು ಬೀರೂರು, ಕಡೂರು, ಅರಸೀಕೆರೆ ಎಂದು ಸುತ್ತತೊಡಗಿದ. ಹೋದಲ್ಲೆಲ್ಲ ಮಾತಾಡಿದ, ಮಾತಾಡಿದಲ್ಲೆಲ್ಲ ಕೆಲಸ ತಂದ. ಬೇರೆ ಕಡೆ ಅಚ್ಚಾದ ಮದುವೆ ಕಾಗದ, ಸಹಕಾರ ಸಂಘದ ರಸೀದಿ ಪುಸ್ತಕ, ಕ್ಯಾಲೆಂಡರ್ ಕೂಡ ಕತ್ತರಿಸಿ ಕಟ್ಟಲು ಬಂದವು. ಸಂಜೆ ಅಂಗಡಿಗೆ ಬಂದು ಕಟ್ಟು ಇಳಿಸಿ, ಗಂಟಲು ಆರಿರುತ್ತಿದ್ದರಿಂದ ನೀರು ಕುಡಿದು, ಅಕ್ಕನ ಮನೆಯ ಪಡಸಾಲೆಗೆ ಹೋಗಿ ಮಲಗುತ್ತಿದ್ದ. ಹಗಲೆಲ್ಲ ಅಂಗಡಿ ಮುಂಚಿಗಿಂತಲೂ ನಿಶ್ಶಬ್ದ. ಪ್ಲಾಸ್ಟಿಕ್ ಕುರ್ಚಿ ಖಾಲಿ. ತಾನು ಯಾವುದನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದನೋ ಅದು ಧರ್ಮೇಶನಿಂದಲೇ ಸಿಕ್ಕಿತ್ತು. ಇದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಒಂದು ಭಾನುವಾರ ಅಶ್ವಿನಿ ಪಡಸಾಲೆಯಲ್ಲಿ ಕಾಯಿ ತುರಿಯುತ್ತಾ ಕೂತಿದ್ದಳು. "ಮೇಲೆ ಒಂದು ರೂಮು ಹಾಕ್ಸಿದ್ರೆ ಧರ್ಮೇಶಂಗೆ ಅನುಕೂಲ" ಅಂದಳು. "ಶರ್ಮಿಳಾನ ಕೇಳ್ಕೊಂಡು ಬರ್ಲಾ?"

"ಅದಕ್ಕೂ ಕಾರ್ಡ್ ಯಾಕೆ?"

"ಕಾರ್ಡಲ್ಲಿ ನಂಬಿಕೆ ಯಾರಿಗಿದೆ ರೀ?" ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. "ನೀವು ಬಾಯಿ ಬಿಡಲ್ಲ ಅಂತ ಹೋಗಿದ್ದು. ಆವತ್ತೂ ಅಷ್ಟೇ. ಬೇಡ ಅಂತ ಒಂದ್ಮಾತು ಅಂದಿದ್ರೆ, ಅವರಿಗೆ ಬೇಡ್ವಂತೆ ಅಂತ ಅಪ್ಪಂಗೆ ಹೇಳಿ ಮುಗಿಸ್ತಿದ್ದೆ. ನಂಗೇನು ಅವನು ಇಲ್ಲಿಗೆ ಬರ್ಲಿ ಅಂತ ಆಸೆ ಇತ್ತಾ? ಅವನಿಗೆ ಮಾತು ಬಂದಾಗಿಂದ ಕೇಳಿದೀನಿ ನಾನು."

ಓಂಕಾರೇಶ ತುರಿದ ಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ರೂಮು ಬೇಡ" ಅಂದ.

ಅಶ್ವಿನಿ ತಲೆಯೆತ್ತಿದಳು. "ಯಾಕೆ?"

ಬೇಡ ಅಂದ ಮೇಲೆ ಯಾಕೆ ಎಂದು ಬರುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಹೊರಗಿನಿಂದ ಮೆಟ್ಟಿಲು ಹಾಕಿದರೆ ಸಂಪಿಗೆ ಗಿಡ ಕಡಿಯಬೇಕಾಗುತ್ತದೆ ಎಂದ. ಗಿಡ ಕಡಿಯದೆಯೂ ಹಾಕಬಹುದು ಎಂದಳು ಅವಳು. ಹೇಗೆ ಎಂದ ಅವನು. ಇಬ್ಬರೂ ಹೊರಗೆ ಬಂದು ಗೋಡೆ ನೋಡಿದರು. ದನಿ ಏರಿತು, ಇಳಿಯಿತು, ಪಕ್ಕದ ಮನೆಯವರು ಕಿಟಕಿಯಲ್ಲಿ ಕಂಡರು. ತುರಿದ ಕಾಯಿ ಒಣಗಿತು. ಕೊನೆಗೆ ರೂಮು ಹಾಕಿಸುವುದೆಂದೇ ಆಯಿತು. ಆದರೆ ಮೆಟ್ಟಿಲು ಒಳಗಿನಿಂದ, ಪಡಸಾಲೆ ದಾಟಿಕೊಂಡೇ. ಅಷ್ಟರಮಟ್ಟಿಗೆ ಅವನ ಮಾತು ನಡೆಯಿತು.